ಇಂಟರ್ನ್‌ಶಿಪ್ ಮುಗೀತಾ ಬಂತು, ಪಿಜಿಗೆ ಹೊರದೇಶದ ಯಾವ ದಾರಿ ಹಿಡಿಯಲಿ?

ಘಟಪ್ರಭಾ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲೂಕಿನವನು, ಎಂಬಿಬಿಎಸ್ ಓದಿ ಈಗ ಬಾಗಲಕೋಟೆಯಲ್ಲಿ ಇಂಟರ್ನ್. ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತೆ. ಪಿಜಿಯಲ್ಲಿ, ಅಂದ್ರೆ ಸ್ನಾತಕೋತ್ತರ ಓದಿನಲ್ಲಿ, ನನಗೆ ಬೇಕಿರೋದು ಜನರಲ್ ಮೆಡಿಸಿನ್. ಇಲ್ಲಿನ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಓದ್ತಿದ್ದೇನೆ, ಆದ್ರೆ ಸರ್ಕಾರಿ ಕೋಟಾದಲ್ಲಿ ಮೆಡಿಸಿನ್ ಸಿಗೋ ಅಂಥ ರ‍್ಯಾಂಕ್ ಬರುತ್ತೆ ಅನ್ನೋ ಧೈರ್ಯ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ನಮ್ಮ ಮನೆಯಲ್ಲಿ ಎತ್ತೋ ಹಾಗೇ ಇಲ್ಲ.

ಮೊನ್ನೆ ಊರಿಗೆ ಹೋದಾಗ ಹೊರದೇಶದ ವಿಷಯ ತೆಗೆದೆ. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಸೀಟಿಗೆ ಎಷ್ಟ್ ಕೊಡಬೇಕಪಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮದು ಐದು ಎಕರೆ ಕಬ್ಬು. ಕಾರ್ಖಾನೆ ಬಿಲ್ ಬಂದ ಮೇಲೆ ಸೊಸೈಟಿ ಸಾಲ ತೀರಿಸಿ, ಉಳಿದದ್ದರಲ್ಲಿ ವರ್ಷ ಕಳೆಯೋ ಮನೆ. ಆದರೂ ಅಪ್ಪ "ಹೊಳಿ ಕಡೀದು ಎರಡ್ ಎಕರೆ ಮಾರಿದ್ರಾತು" ಅಂದುಬಿಟ್ಟರು. ಅವತ್ತಿನಿಂದ ನಿದ್ದೆ ಸರಿಯಾಗಿ ಬರ್ತಿಲ್ಲ.

ಬೆಳಗಾವಿಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. 9 ಲಕ್ಷ ಕೊಟ್ಟರೆ ಜರ್ಮನಿಯಲ್ಲಿ ಪಿಜಿ ಗ್ಯಾರಂಟಿ ಅಂತಾನೆ. ಸೀನಿಯರ್ ಒಬ್ಬರು ಪ್ಲ್ಯಾಬ್ (ಹೊರಗಿನ ವೈದ್ಯರಿಗೆ ಯುಕೆಯವರು ಇಟ್ಟಿರೋ ಪರೀಕ್ಷೆ) ಬರೆದು ಇಂಗ್ಲೆಂಡಿಗೆ ಹೋಗು ಅಂತಾರೆ, ಇನ್ನೊಬ್ಬರು ಅಮೆರಿಕ ಬಿಟ್ಟು ಬೇರೆ ನೋಡಲೇಬೇಡ ಅಂತಾರೆ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ತಂಗಿ ಪಿಯುಸಿ ಓದ್ತಿದ್ದಾಳೆ. ಮುಂದೆ ವಾಪಸ್ ಬರಬೇಕು ಅನ್ನೋದು ನನ್ನ ಆಸೆ. ದಾರಿ ತುಳಿದವರು ದಯವಿಟ್ಟು ಹೇಳಿ. ನಿಜ ಏನಿದೆಯೋ ಅದನ್ನೇ ಹೇಳಿ.

ಕುಂದಾ_ನಗರಿ

ತಮ್ಮಾ, ಮೊದಲು ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಕೊಡ್ತೇನೆ. ನಾನು ಬೆಳಗಾವಿಯವನು, ಎಂಟು ವರ್ಷದಿಂದ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿದ್ದೇನೆ, ಈಗ ಮೆಡಿಕಲ್ ರಿಜಿಸ್ಟ್ರಾರ್, ಅಂದ್ರೆ ಮೆಡಿಸಿನ್ ವಿಭಾಗದ ಹಿರಿಯ ಟ್ರೇನಿ ವೈದ್ಯ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂದಿತ್ತು.

ಅಲ್ಲಿ ಸೀಟು ಮಾರಾಟಕ್ಕಿಲ್ಲ. ಇಂಗ್ಲೆಂಡ್, ಅಮೆರಿಕ, ಜರ್ಮನಿ ಮೂರರಲ್ಲೂ ಪಿಜಿ ಅಂದರೆ ಒಂದು ನೌಕರಿ. ಮೊದಲು ಅಲ್ಲಿ ವೈದ್ಯನಾಗಿ ಕೆಲಸ ಮಾಡೋ ಅರ್ಹತೆ ಪಡೀಬೇಕು, ಆಮೇಲೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬೇಕು. ಕೆಲಸ ಮಾಡ್ತಾ ಕಲೀತೀವಿ, ಪ್ರತಿ ತಿಂಗಳು ಸಂಬಳ ಬರುತ್ತೆ. ಖರ್ಚೆಲ್ಲ ಆ ಬಾಗಿಲು ಮುಟ್ಟೋವರೆಗೆ. ಈ ಒಂದು ವಿಷಯ ಅಪ್ಪನಿಗೆ ತಿಳಿದರೆ ಹೊಲ ಮಾರೋ ಮಾತು ಅರ್ಧ ಕಡಿಮೆ ಆಗುತ್ತೆ. ಒಂದು ತೊಂದರೆಯೂ ಇದೆ. ಅಡ್ಮಿಷನ್ ಅನ್ನೋದೇ ಇಲ್ಲದ ಕಾರಣ ಬ್ಯಾಂಕಿನ ಶಿಕ್ಷಣ ಸಾಲ ಸಿಗೋದು ಕಷ್ಟ. ನಾನು ಹೋದಾಗ ಅವರು ಅಡ್ಮಿಷನ್ ಲೆಟರ್ ಕೇಳಿದರು, ನನ್ನ ಹತ್ತಿರ ಇದ್ದದ್ದು ಪರೀಕ್ಷೆಯ ಬುಕಿಂಗ್ ಚೀಟಿ ಮಾತ್ರ.

ಇಂಗ್ಲೆಂಡಿನ ದಾರಿ ಹೀಗೆ. ಇಂಗ್ಲಿಷ್ ಪರೀಕ್ಷೆ ಮೊದಲು. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಒಟ್ಟು 7.5 ಬೇಕು, ನಾಲ್ಕು ವಿಭಾಗದಲ್ಲೂ 7ಕ್ಕಿಂತ ಕಡಿಮೆ ಇರಬಾರದು. ಒಇಟಿ ಆದರೆ ನಾಲ್ಕರಲ್ಲೂ ಬಿ ಗ್ರೇಡ್. ನಮ್ಮವರಿಗೆ ಒಇಟಿ ಸಲೀಸು, ಯಾಕಂದ್ರೆ ಅದರಲ್ಲಿ ಬರೋದೆಲ್ಲ ಆಸ್ಪತ್ರೆ ಮಾತು. ಆಮೇಲೆ ಪ್ಲ್ಯಾಬ್ 1, ಮೂರು ಗಂಟೆಯಲ್ಲಿ 180 ಪ್ರಶ್ನೆ, ಇದನ್ನ ಭಾರತದಲ್ಲೇ ಬರೀಬಹುದು. ಪ್ಲ್ಯಾಬ್ 2 ಮಾತ್ರ ಮ್ಯಾಂಚೆಸ್ಟರ್‌ನಲ್ಲೇ, ಬೇರೆಲ್ಲೂ ಇಲ್ಲ. 16 ಸ್ಟೇಷನ್, ಅಂದ್ರೆ ರೋಗಿಯನ್ನ ನೋಡೋ ಹಾಗೆ ಮಾಡಿ ತೋರಿಸೋ ಪ್ರಸಂಗ, ಒಂದೊಂದಕ್ಕೆ ಎಂಟು ನಿಮಿಷ. ಮೊದಲನೇದು ಪಾಸಾದ ಎರಡು ವರ್ಷದೊಳಗೆ ಎರಡನೇದು ಮುಗಿಸಬೇಕು. ನನಗೆ ಪರೀಕ್ಷೆ, ವೀಸಾ, ಟಿಕೆಟ್, ಮ್ಯಾಂಚೆಸ್ಟರ್ ವಾಸ, ಜಿಎಂಸಿ (ಅಲ್ಲಿನ ಮೆಡಿಕಲ್ ಕೌನ್ಸಿಲ್) ನೋಂದಣಿ ಎಲ್ಲ ಸೇರಿ ನಾಲ್ಕು ಲಕ್ಷದ ಮೇಲೆ ಬಿತ್ತು. ಅವತ್ತಿನ ಲೆಕ್ಕ ಅದು. ಈಗ ಶುಲ್ಕ ಏರಿದೆ, ಪೌಂಡೂ ಏರಿದೆ.

ಓದಿನಲ್ಲಿ ನಮ್ಮ ಹುಡುಗರು ಎಲ್ಲೂ ಕಡಿಮೆ ಇಲ್ಲ. ಕ್ರಿಮಿನಾಶಕ ಕುಡಿದು ಬಂದವರನ್ನ, ಹಾವು ಕಚ್ಚಿದವರನ್ನ ರಾತ್ರಿಯಿಡೀ ಕಾದು ಉಳಿಸಿದ ಇಂಟರ್ನ್‌ಗಳು ನಾವು. ನಾವು ಸೋಲೋದು ಮಾತಿನಲ್ಲಿ. ನನ್ನ ಮೊದಲ ರಾತ್ರಿ ಪಾಳಿಯಲ್ಲಿ 84 ವರ್ಷದ ಅಜ್ಜನನ್ನ ನೋಡೋಕೆ ಕರೆದರು. ಹೇಗಿದ್ದೀರಿ ಅಂದೆ. "ನಾಟ್ ಸೋ ಬ್ಯಾಡ್, ಲವ್" ಅಂದರು. ಆರಾಮ ಇದ್ದಾರೆ ಅಂದುಕೊಂಡು ಚೀಟಿಯಲ್ಲಿ ಬರೆಯೋಕೆ ಶುರು ಮಾಡಿದೆ. ನರ್ಸ್ ನನ್ನ ತೋಳು ಹಿಡಿದು, "ಈ ಊರಿನ ಹಿರಿಯರು ಹಾಗಂದರೆ ನೋವು ಜಾಸ್ತಿ ಇದೆ ಅಂತ ಅರ್ಥ" ಅಂದಳು. ಚಾದರ ಸರಿಸಿ ಹೊಟ್ಟೆ ಮುಟ್ಟಿದೆ. ಹಲಗೆ ಹಾಗೆ ಗಟ್ಟಿ. ಅಲ್ಸರ್ ತೂತಾಗಿತ್ತು. ಅದೇ ರಾತ್ರಿ ಆಪರೇಷನ್ ಆಯ್ತು, ಅಜ್ಜ ಉಳಿದರು. ನಮ್ಮ ಖಾನಾಪುರದ ಅಜ್ಜ "ಏನಿಲ್ಲಪಾ, ಹಂಗಽ ಅದೀನಿ" ಅಂದರೆ ನನಗೆ ಮುಖ ನೋಡಿಯೇ ಗೊತ್ತಾಗ್ತಿತ್ತು. ಅಲ್ಲಿ ಆ ಕಣ್ಣು ಬರೋಕೆ ಎರಡು ವರ್ಷ ಬೇಕಾಯ್ತು.

ಇನ್ನು ಕಹಿ ವಿಷಯ. ಕೆಲಸ ಮೊದಲಿನ ಹಾಗೆ ಸಿಗ್ತಿಲ್ಲ. ಅದನ್ನ ಈಗ ಅನುಭವಿಸ್ತಿರೋರು ಹೇಳಿದರೆ ಒಳ್ಳೇದು.

ಕ್ಯಾಂಪ್_ಹುಡುಗಿ

ನಾನು ಹೇಳ್ತೇನೆ ಅಣ್ಣಾ. ನಾನೂ ಬೆಳಗಾವಿಯವಳೇ. ಪ್ಲ್ಯಾಬ್ 2 ಪಾಸಾಗಿ 14 ತಿಂಗಳಾಯ್ತು, ಜಿಎಂಸಿ ನಂಬರ್ ಕೈಯಲ್ಲಿದೆ, ಕೆಲಸ ಇಲ್ಲ. ಇನ್ನೂರು ಅರ್ಜಿ ದಾಟಿದ ಮೇಲೆ ಎಣಿಸೋದು ಬಿಟ್ಟೆ. ಒಂದು ಜಾಹೀರಾತು ಬೆಳಗ್ಗೆ ಹಾಕಿ ಮಧ್ಯಾಹ್ನದೊಳಗೆ ಮುಚ್ತಾರೆ, ಅಷ್ಟರಲ್ಲೇ ಅವರಿಗೆ ಬೇಕಾದದ್ದಕ್ಕಿಂತ ಜಾಸ್ತಿ ಅರ್ಜಿ ಬಂದಿರುತ್ತೆ. ಎರಡು ತಿಂಗಳು ಅಲ್ಲಿ ಸಂಬಳ ಇಲ್ಲದೆ ಕ್ಲಿನಿಕಲ್ ಅಟ್ಯಾಚ್‌ಮೆಂಟ್, ಅಂದ್ರೆ ಆಸ್ಪತ್ರೆಯಲ್ಲಿ ನಿಂತು ನೋಡಿ ಕಲಿಯೋದು, ಮಾಡಿದೆ, ಉಳಿಯೋಕೆ ದುಡ್ಡು ಮುಗೀತು, ವಾಪಸ್ ಬಂದು ಈಗ ಇಲ್ಲೇ ಡ್ಯೂಟಿ ಡಾಕ್ಟರ್.

2025ರಲ್ಲಿ ಅಲ್ಲಿ ಹತ್ತು ಸಾವಿರದ ಆಸುಪಾಸಿನ ಸ್ಪೆಷಾಲಿಟಿ ಟ್ರೇನಿಂಗ್ ಜಾಗಗಳಿಗೆ 30 ಸಾವಿರಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದ್ದರು. ಅದೇ ಜುಲೈನಲ್ಲಿ ಸರ್ಕಾರ ತನ್ನ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ, ಯುಕೆಯಲ್ಲೇ ಓದಿದವರಿಗೆ ಮತ್ತು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಾಕಷ್ಟು ಕಾಲ ಕೆಲಸ ಮಾಡಿದವರಿಗೆ ಮೊದಲ ಆದ್ಯತೆ ಅಂತ ಹೇಳಿತು. ಅದು ಅವರ ದೇಶ, ಅವರ ಮಕ್ಕಳಿಗೆ ಮೊದಲು ಕೊಡೋದು ತಪ್ಪಲ್ಲ. ಆದ್ರೆ ಹೊಸದಾಗಿ ಹೊರಡೋರಿಗೆ ಇದು ಗೊತ್ತಿರಬೇಕು. ಕೋಚಿಂಗ್‌ನವರು ಇದನ್ನ ಹೇಳೋದಿಲ್ಲ. ನನಗೆ ಯಾರೂ ಹೇಳಲಿಲ್ಲ.

ನಾನು ಸೋತೆ ಅಂತ ಬರೀತಿಲ್ಲ. ಯುಕೆಯ ಮೆಡಿಸಿನ್ ಪಿಜಿ ಪರೀಕ್ಷೆ ಎಂಆರ್‌ಸಿಪಿಯ ಪಾರ್ಟ್ 1 ಇಲ್ಲೇ ಕೂತು ಬರೆದು ಪಾಸಾದೆ, ಪಾರ್ಟ್ 2ಕ್ಕೆ ಓದ್ತಿದ್ದೇನೆ. ಕೈಯಲ್ಲಿ ಅದಿದ್ದರೆ ಅರ್ಜಿಗೆ ತೂಕ ಬರುತ್ತೆ. ಘಟಪ್ರಭಾ ಅವರೇ, ನಿಮಗೂ ಮೆಡಿಸಿನ್ ಬೇಕು ಅಂದಿದ್ದೀರಿ. ಬರೀ ಪ್ಲ್ಯಾಬ್ ನಂಬಿ ಹೊಲ ಮಾರಬೇಡಿ. ಇದೊಂದು ಮಾತು ಕೇಳಿ.

ಗುಮ್ಮಟ_586101

ಅಮೆರಿಕದ ಬಗ್ಗೆ ನಾನು ಬರೀತೇನೆ. ವಿಜಯಪುರದವನು, ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಪಿಜಿಗೆ ಅಲ್ಲಿನ ಹೆಸರು) ಎರಡನೇ ವರ್ಷ.

ಅಮೆರಿಕದ ವೈದ್ಯ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1, ಸ್ಟೆಪ್ 2 ಸಿಕೆ, ಜೊತೆಗೆ ಒಇಟಿ. ಇವು ಮುಗಿದರೆ ಇಸಿಎಫ್‌ಎಂಜಿ (ಹೊರದೇಶದಲ್ಲಿ ಓದಿದ ವೈದ್ಯರನ್ನ ಪರಿಶೀಲಿಸೋ ಸಂಸ್ಥೆ) ಸರ್ಟಿಫಿಕೇಟ್. ಎರಡೂ ಸ್ಟೆಪ್ ಬೆಂಗಳೂರಿನಲ್ಲೇ ಬರೀಬಹುದು. ಸ್ಟೆಪ್ 1 ಎಂಟು ಗಂಟೆ, ಸ್ಟೆಪ್ 2 ಒಂಬತ್ತು ಗಂಟೆ. ನಾನು ಗೋಳಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಎರಡು ದಿನ ಮೊದಲೇ ಹೋಗಿ ಉಳಿದಿದ್ದೆ. ಹಿಂದಿನ ರಾತ್ರಿ ಹೊರಟು ಬೆಳಗ್ಗೆ ಇಳಿದು ಪರೀಕ್ಷೆಗೆ ಕೂರೋ ಸಾಹಸ ಮಾಡಬೇಡಿ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಇಲ್ಲ, ಪಾಸು ಇಲ್ಲವೇ ಫೇಲು ಅಷ್ಟೇ. ಹೀಗಾಗಿ ಪೂರ್ತಿ ಭಾರ ಈಗ ಸ್ಟೆಪ್ 2 ಅಂಕದ ಮೇಲೆ. ಒಂದು ಎಚ್ಚರಿಕೆ, ಪಾಸಾದ ಪರೀಕ್ಷೆಯನ್ನ ಅಂಕ ಏರಿಸೋಕೆ ಮತ್ತೆ ಬರೆಯೋ ಹಾಗಿಲ್ಲ. ಕಡಿಮೆ ಅಂಕದಲ್ಲಿ ಪಾಸಾದರೆ ಅದೇ ಕೊನೆವರೆಗೂ ಇರುತ್ತೆ. ತಯಾರಾಗದೆ ಹೋಗಬೇಡಿ, ದಿನಾಂಕ ಮುಂದೆ ಹಾಕಿದರೂ ಚಿಂತೆ ಇಲ್ಲ.

ಖರ್ಚು ಜಾಸ್ತಿ. ಒಂದೊಂದು ಸ್ಟೆಪ್‌ಗೇ ಸಾವಿರ ಡಾಲರ್ ದಾಟುತ್ತೆ. ಆಮೇಲೆ ಅಲ್ಲಿಗೆ ಹೋಗಿ ಆಸ್ಪತ್ರೆಯಲ್ಲಿ ನಿಂತು ಶಿಫಾರಸು ಪತ್ರ ತರಬೇಕು, ಸೆಪ್ಟೆಂಬರ್‌ನಲ್ಲಿ ಅರ್ಜಿ, ಅಕ್ಟೋಬರ್‌ನಿಂದ ಜನವರಿವರೆಗೆ ಸಂದರ್ಶನ, ಮಾರ್ಚ್‌ನಲ್ಲಿ ಮ್ಯಾಚ್, ಅಂದ್ರೆ ಯಾರಿಗೆ ಯಾವ ಆಸ್ಪತ್ರೆ ಅಂತ ಹೊಂದಿಸೋದು. ನನಗೆ 14 ಲಕ್ಷ ಆಯ್ತು. ಅರ್ಧ ಮಾವ ಕೊಟ್ಟರು, ಉಳಿದದ್ದು ಎರಡು ವರ್ಷ ಡ್ಯೂಟಿ ಡಾಕ್ಟರ್ ಆಗಿ ದುಡಿದದ್ದು. ಅಮೆರಿಕದವರಲ್ಲದ, ಹೊರದೇಶದಲ್ಲಿ ಓದಿದ ವೈದ್ಯರಲ್ಲಿ ಮ್ಯಾಚ್ ಆಗೋರು ನೂರಕ್ಕೆ 58ರ ಆಸುಪಾಸು. ಅಂದ್ರೆ ಎಲ್ಲ ಪರೀಕ್ಷೆ ಪಾಸು ಮಾಡಿ, ಸಂದರ್ಶನ ಕೊಟ್ಟು, ಕೊನೆಗೆ ಕೈ ಖಾಲಿ ಬರೋರು ನೂರಕ್ಕೆ ನಲವತ್ತು.

ಮೊದಲ ವರ್ಷ ಆ ನಲವತ್ತರಲ್ಲಿ ನಾನೂ ಒಬ್ಬ. ಮ್ಯಾಚ್ ವಾರದ ಸೋಮವಾರ ಆಗಿದೆಯೋ ಇಲ್ಲವೋ ಅಂತ ಮಾತ್ರ ಹೇಳ್ತಾರೆ, ಎಲ್ಲಿ ಅನ್ನೋದು ಶುಕ್ರವಾರ. ಆ ಸೋಮವಾರ ಸಂಜೆ ಅವ್ವ ಸಿದ್ಧೇಶ್ವರ ಗುಡಿಗೆ ಹೋಗಿ ಬಂದು ಬಾಗಿಲಲ್ಲೇ ನಿಂತಿದ್ದಳು. ಮೇಲ್ ತೆರೆದೆ, ಇಲ್ಲ ಅಂತಿತ್ತು. ಅವ್ವ ಏನೂ ಕೇಳಲಿಲ್ಲ, ಒಳಗೆ ಹೋಗಿ ರೊಟ್ಟಿ ಬಡಿಯೋಕೆ ಕೂತಳು. ಆ ರೊಟ್ಟಿ ಬಡಿಯೋ ಸಪ್ಪಳ ಇವತ್ತಿಗೂ ಕಿವಿಯಲ್ಲಿದೆ. ಮರು ವರ್ಷ ಆಯ್ತು.

ವೀಸಾ ಇನ್ನೊಂದು ದೊಡ್ಡ ಕಥೆ. ಜೆ-1 ವೀಸಾದಲ್ಲಿ ಹೋದರೆ ಟ್ರೇನಿಂಗ್ ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ವಾಪಸ್ ಬಂದಿರಬೇಕು, ಇಲ್ಲವೇ ವೈದ್ಯರ ಕೊರತೆ ಇರೋ ಕಡೆ ಮೂರು ವರ್ಷ ಕೆಲಸ ಮಾಡೋ ಷರತ್ತಿಗೆ ವಿನಾಯಿತಿ ಪಡೀಬೇಕು. ಅದಕ್ಕೆ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. 2025ರ ಮೇ ಕೊನೆಯಲ್ಲಿ ಕೆಲವು ವಾರ ಈ ವೀಸಾದ ಹೊಸ ಅಪಾಯಿಂಟ್‌ಮೆಂಟ್ ನಿಲ್ಲಿಸಿದ್ದರು, ಜುಲೈನಲ್ಲಿ ಕೆಲಸಕ್ಕೆ ಸೇರಬೇಕಾದ ಎಷ್ಟೋ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ವೀಸಾ ಎಚ್-1ಬಿ, ಅಂದ್ರೆ ಕೆಲಸದ ವೀಸಾ, ಅದರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಬಂತು. ಆ ದಾರಿಯಲ್ಲಿ ಕರೆಸಿಕೊಳ್ಳೋ ಆಸ್ಪತ್ರೆಗಳು ಈಗ ಹಿಂದೆ ಮುಂದೆ ನೋಡ್ತಿವೆ.

ಇಷ್ಟೆಲ್ಲ ಆದ ಮೇಲೂ ಹೇಳ್ತೇನೆ, ಇಲ್ಲಿ ಕಲಿಸೋ ರೀತಿ ನನಗೆ ತುಂಬಾ ಇಷ್ಟ. ಹಿರಿಯ ವೈದ್ಯರ ಮುಂದೆ "ನನಗೆ ಗೊತ್ತಿಲ್ಲ" ಅಂದರೆ ಬೈಯೋದಿಲ್ಲ. ಕೂರಿಸಿಕೊಂಡು ಹೇಳ್ತಾರೆ.

ಘಟಪ್ರಭಾ_ದಂಡೆ

ಅಣ್ಣಾ, ಅಕ್ಕಾ, ಓದಿ ಗಂಟಲು ಕಟ್ಟಿತು. ತುಂಬಾ ಥ್ಯಾಂಕ್ಸ್. ಒಂದು ಸಣ್ಣ ಪ್ರಶ್ನೆ. ನನ್ನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಇದೆ, ಆಧಾರ್‌ನಲ್ಲಿ ಕೊನೆಗಿದೆ, ಎಂಬಿಬಿಎಸ್ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಬರೀ ಇನಿಶಿಯಲ್. ಇದೇನು ದೊಡ್ಡ ವಿಷಯ ಅಲ್ಲ ಅಲ್ವಾ?

ಗುಮ್ಮಟ_586101

ದೊಡ್ಡ ವಿಷಯ! ಎಲ್ಲಕ್ಕಿಂತ ಮೊದಲು ಇದನ್ನೇ ಸರಿ ಮಾಡಿ.

ನಮ್ಮ ಕಡೆ ಇದು ಮನೆ ಮನೆಯ ಕಥೆ. ಶಾಲೆಗೆ ಹಾಕುವಾಗ ಮೇಷ್ಟ್ರು ಹೇಗೆ ಬರೆದರೋ ಅದೇ ಹೆಸರು. ಅಡ್ಡಹೆಸರು ಒಮ್ಮೆ ಮುಂದೆ ಒಮ್ಮೆ ಹಿಂದೆ, ಇಂಗ್ಲಿಷ್‌ನಲ್ಲಿ ಬರೆಯುವಾಗ ಒಂದು ಕಡೆ ದೀರ್ಘಕ್ಕೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ. ನನ್ನ ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರನ್ನ ಗಿವನ್ ನೇಮ್ ಕಾಲಂನಲ್ಲಿ ಹಾಕಿ ಸರ್‌ನೇಮ್ ಖಾಲಿ ಬಿಟ್ಟಿದ್ದರು. ಅಂಥ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಕೊಡುವಾಗ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ, ಅಂದ್ರೆ ಮೊದಲ ಹೆಸರು ತಿಳಿದಿಲ್ಲ ಅಂತ. ಪರೀಕ್ಷೆ ದಿನ ಬಾಗಿಲಲ್ಲಿ ಪರ್ಮಿಟ್‌ನ ಹೆಸರು ಪಾಸ್‌ಪೋರ್ಟ್‌ನ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡೋದಿಲ್ಲ, ಕಟ್ಟಿದ ದುಡ್ಡೂ ಹೋಯ್ತು. ನಾನು ಒಂದು ವಾರ ಮೊದಲು ನೋಡಿಕೊಂಡೆ. ಪಾಸ್‌ಪೋರ್ಟ್ ಮತ್ತೆ ಮಾಡಿಸೋಕೆ ಪರೀಕ್ಷೆಯನ್ನೇ ಮೂರು ತಿಂಗಳು ಮುಂದೆ ಹಾಕಬೇಕಾಯ್ತು.

ನಿಮ್ಮದು ಪಾಸ್‌ಪೋರ್ಟ್ ಇನ್ನೂ ಆಗಿಲ್ಲ ಅನ್ನೋದು ಒಳ್ಳೇದೇ ಆಯ್ತು. ಎಂಬಿಬಿಎಸ್ ಪದವಿಯಲ್ಲಿ ಹೆಸರು ಹೇಗೆ ಬರಬೇಕು ಅಂತ ಈಗಲೇ ಕಾಲೇಜು ಆಫೀಸಿನಲ್ಲಿ ಬರೆದುಕೊಡಿ. ಘಟಿಕೋತ್ಸವದ ಸರ್ಟಿಫಿಕೇಟ್, ಮೆಡಿಕಲ್ ಕೌನ್ಸಿಲ್ ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ, ಒಂದೇ ಕ್ರಮ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ.

ಕುಂದಾ_ನಗರಿ

ಇದಕ್ಕೆ ಒಂದು ಮಾತು ಸೇರಿಸ್ತೇನೆ. ಜಿಎಂಸಿಯವರೂ ಇಸಿಎಫ್‌ಎಂಜಿಯವರೂ ನಿಮ್ಮ ಪದವಿ ನಿಜವೋ ಅಂತ ನೇರವಾಗಿ ಓದಿದ ಸಂಸ್ಥೆಯನ್ನೇ ಕೇಳ್ತಾರೆ. ಉತ್ತರ ಅಲ್ಲಿಂದಲೇ ಹೋಗಬೇಕು. ನನ್ನ ಕಡತ ಒಂದು ಆಫೀಸಿನಲ್ಲಿ ನಾಲ್ಕು ತಿಂಗಳು ಕೂತಿತ್ತು, ಯಾವ ಆಫೀಸು ಅಂತ ಬರೆಯೋಕೆ ಇಷ್ಟ ಇಲ್ಲ. ಕೊನೆಗೆ ಅಪ್ಪ ಖುದ್ದು ಹೋಗಿ, ಸಂಬಂಧಪಟ್ಟ ಗುಮಾಸ್ತರ ಮುಂದೆ ಎರಡು ದಿನ ಬೆಂಚಿನ ಮೇಲೆ ಕೂತರು. ನೀವು ಊರಲ್ಲಿ ಇರುವಾಗಲೇ ಇದನ್ನ ಮುಗಿಸಿಕೊಳ್ಳಿ. ಆದ್ರೆ ಮೆಡಿಕಲ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ವೈದ್ಯನ ಮೇಲೆ ದೂರು ಇಲ್ಲ ಅನ್ನೋ ಪತ್ರ) ಮಾತ್ರ ಈಗಲೇ ತೆಗೀಬೇಡಿ. ಜಿಎಂಸಿಗೆ ಮೂರು ತಿಂಗಳಿಗಿಂತ ಹಳೇದು ನಡೆಯೋದಿಲ್ಲ.

ಜಮಖಂಡಿ_ಅಕ್ಕ

ತಮ್ಮಾ, ಆ 9 ಲಕ್ಷದ ಏಜೆಂಟ್ ಹತ್ತಿರ ಮತ್ತೆ ಹೋಗಬೇಡ. ನಾನು ಜರ್ಮನಿಯ ಸ್ಯಾಕ್ಸನಿಯಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಡಾಕ್ಟರ್. ಇಲ್ಲಿ ಪಿಜಿಯನ್ನ ಯಾರೂ ಗ್ಯಾರಂಟಿ ಕೊಡೋಕೆ ಆಗೋದಿಲ್ಲ. ಆಸ್ಪತ್ರೆಗೆ ನೀನೇ ಅರ್ಜಿ ಹಾಕಬೇಕು, ಅವರೇ ನಿನ್ನನ್ನ ಮಾತಾಡಿಸಿ ನೋಡಬೇಕು. ಏಜೆಂಟ್ ಮಾಡೋದು ಫಾರಂ ತುಂಬೋ ಕೆಲಸ.

ಜರ್ಮನಿಯಲ್ಲಿ ಪಿಜಿ ಪ್ರವೇಶ ಪರೀಕ್ಷೆ ಅಂತ ಇಲ್ಲ. ಇಂಟರ್ನಲ್ ಮೆಡಿಸಿನ್ ಐದು ವರ್ಷ. ಸಂಬಳ ಮೊದಲ ವರ್ಷವೇ ತಿಂಗಳಿಗೆ 5,000 ಯೂರೋ ದಾಟುತ್ತೆ, ತೆರಿಗೆ ಹಿಡಿಯೋ ಮೊದಲಿನ ಲೆಕ್ಕ ಇದು. ಗೋಡೆ ಇರೋದು ಭಾಷೆಯದ್ದು. ಬಿ2 ಮಟ್ಟದ, ಅಂದ್ರೆ ಸರಾಗ ಮಾತಾಡೋವಷ್ಟು ಜರ್ಮನ್, ಅದರ ಮೇಲೆ ಸಿ1 ಮಟ್ಟದಲ್ಲಿ ವೈದ್ಯರಿಗೇ ಬೇರೆ ಭಾಷಾ ಪರೀಕ್ಷೆ, ಅದನ್ನ ಎಫ್‌ಎಸ್‌ಪಿ ಅಂತಾರೆ. ಆಮೇಲೆ ನಮ್ಮ ಎಂಬಿಬಿಎಸ್ ಅವರ ಓದಿಗೆ ಸಮ ಅಲ್ಲ ಅಂದರೆ ಜ್ಞಾನ ಪರೀಕ್ಷೆ. ಎಲ್ಲ ಮುಗಿದರೆ ಅಪ್ರೊಬಾಟ್ಸಿಯೋನ್, ಅಂದ್ರೆ ಪೂರ್ತಿ ಲೈಸೆನ್ಸ್. ನನಗೆ ಮೊದಲ ಅಕ್ಷರದಿಂದ ಮೊದಲ ಸಂಬಳದವರೆಗೆ ಎರಡೂವರೆ ವರ್ಷ ಹಿಡೀತು. ಬಿ1 ತನಕ ಜಮಖಂಡಿಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕಲಿತೆ, ಬಿ2 ಬೆಂಗಳೂರಿನಲ್ಲಿ.

ಎಫ್‌ಎಸ್‌ಪಿಯಲ್ಲಿ ಮೂರು ಭಾಗ, ಒಂದೊಂದು 20 ನಿಮಿಷ. ಮೊದಲು ರೋಗಿಯ ಜೊತೆ ಮಾತು, ಆಮೇಲೆ ಅದನ್ನ ಪತ್ರವಾಗಿ ಬರೆಯೋದು, ಕೊನೆಗೆ ಹಿರಿಯ ವೈದ್ಯರಿಗೆ ಕೇಸ್ ಒಪ್ಪಿಸೋದು. ಕಷ್ಟ ಏನು ಗೊತ್ತಾ? ರೋಗಿ ಜೊತೆ ಒಂದು ಜರ್ಮನ್, ವೈದ್ಯರ ಜೊತೆ ಇನ್ನೊಂದು ಜರ್ಮನ್. ನಮ್ಮಲ್ಲಿ ಅವ್ವನಿಗೆ "ಸಕ್ಕರಿ ಬ್ಯಾನಿ" ಅಂತೀವಿ, ಕೇಸ್ ಶೀಟ್‌ನಲ್ಲಿ ಡಯಾಬಿಟಿಸ್ ಮೆಲಿಟಸ್ ಅಂತ ಬರೀತೀವಿ. ಹಾಗೇ ಪ್ರತಿ ಕಾಯಿಲೆಗೂ ಎರಡು ಹೆಸರು ಬಾಯಲ್ಲಿರಬೇಕು. ಮೊದಲ ಸಲ ನಾನು ರೋಗಿಗೆ ಹೈಪರ್‌ಟೋನಿ (ಬಿಪಿಗೆ ಆಸ್ಪತ್ರೆ ಮಾತು) ಅಂದೆ, ಎದುರಿಗಿದ್ದಾಕೆ ಅರ್ಥ ಆಗದವಳ ಹಾಗೆ ನೋಡಿದಳು. ಬೇಕಂತಲೇ ಹಾಗೆ ನೋಡ್ತಾರೆ, ನಮ್ಮ ಪರೀಕ್ಷೆಯೇ ಅದು. ಆ ಸಲ ಫೇಲ್ ಆದೆ. ಎರಡನೇ ಸಲಕ್ಕೆ ಗೋಡೆ ತುಂಬ ಎರಡು ಸಾಲು ಚೀಟಿ ಅಂಟಿಸಿದ್ದೆ. ಎಡಕ್ಕೆ ಮನೆ ಮಾತು, ಬಲಕ್ಕೆ ಆಸ್ಪತ್ರೆ ಮಾತು.

ದುಡ್ಡಿನ ವಿಷಯ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಅಂತ ತೋರಿಸಬೇಕಾಗುತ್ತೆ, ವಿದ್ಯಾರ್ಥಿಗಳಿಗೆ ವರ್ಷಕ್ಕೆ 11,904 ಯೂರೋ ಅಂತ 2024ರ ಸೆಪ್ಟೆಂಬರ್‌ನಲ್ಲಿ ಮಾಡಿದರು, ಉಳಿದ ವೀಸಾಗಳ ಮೊತ್ತ ಅರ್ಜಿ ಹಾಕುವಾಗ ನೋಡಿಕೊಳ್ಳಬೇಕು. ಅದು ನಿನ್ನದೇ ದುಡ್ಡು, ತಿಂಗಳು ತಿಂಗಳು ನಿನಗೇ ಬರುತ್ತೆ. ಆದ್ರೆ ಒಮ್ಮೆಲೇ ಅಷ್ಟು ಕೂಡಿಸೋದು ನಮ್ಮಂಥ ಮನೆಗೆ ಕಷ್ಟ. ನಾನು ಅವ್ವನ ಬಂಗಾರ ಅಡವಿಟ್ಟು ಇಟ್ಟೆ, ಮೊದಲ ವರ್ಷದ ಸಂಬಳದಲ್ಲೇ ಬಿಡಿಸಿದೆ.

ವಾಪಸ್ ಬರೋ ಆಸೆ ಇದೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಮುಚ್ಚಿಡದೆ ಹೇಳ್ತೇನೆ. ಜರ್ಮನಿಯ ಸ್ಪೆಷಲಿಸ್ಟ್ ಪದವಿಗೆ ಭಾರತದಲ್ಲಿ ಪಿಜಿ ಅಂತ ಮಾನ್ಯತೆ ಇಲ್ಲ. ನಾನು ಇಲ್ಲೇ ಇರೋ ನಿರ್ಧಾರ ಮಾಡಿ ಬಂದವಳು.

ವಾಪಸ್_ಬಂದೆ

ಭಾರತದಲ್ಲಿ ಮಾನ್ಯತೆ ಇಲ್ಲ ಅನ್ನೋ ಈ ಸಾಲು ಎಲ್ಲರೂ ಎರಡು ಸಲ ಓದಬೇಕು.

ನಾನು ಯುಕೆಯಲ್ಲಿ 11 ವರ್ಷ ಇದ್ದು, ಟ್ರೇನಿಂಗ್ ಪೂರ್ತಿ ಮುಗಿಸಿ, ಅದರ ಸರ್ಟಿಫಿಕೇಟ್ ಸಿಸಿಟಿ ಪಡೆದು, ವಿಜಯಪುರಕ್ಕೆ ವಾಪಸ್ ಬಂದವನು. ಭಾರತದಲ್ಲಿ ಐದು ದೇಶಗಳ ಪಿಜಿಗೆ ಮಾನ್ಯತೆ ಇದೆ. ಅಮೆರಿಕ, ಯುಕೆ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. 2008ರ ಅಧಿಸೂಚನೆ ಅದು. ಆ ದೇಶದಲ್ಲಿ ಆ ಪದವಿ ಇಟ್ಟುಕೊಂಡು ಸ್ಪೆಷಲಿಸ್ಟ್ ಆಗಿ ಕೆಲಸ ಮಾಡೋಕೆ ಬರುವಂತಿರಬೇಕು, ಅದು ಮುಖ್ಯ. ಹಾಗಾಗಿ ಎಂಆರ್‌ಸಿಪಿ ಒಂದನ್ನೇ ಹಿಡಿದುಕೊಂಡು ಟ್ರೇನಿಂಗ್ ಪೂರ್ತಿ ಆಯ್ತು ಅಂತ ತಿಳೀಬೇಡಿ. ಅದು ಪರೀಕ್ಷೆ. ಟ್ರೇನಿಂಗ್ ಮುಗಿದದ್ದಕ್ಕೆ ಗುರುತು ಸಿಸಿಟಿ. ಎರಡಕ್ಕೂ ನಡುವೆ ವರ್ಷಗಟ್ಟಲೆ ದಾರಿ ಇದೆ. ಎಷ್ಟೋ ಜನ ನಡುವೆ ವಾಪಸ್ ಬಂದು ಬೋರ್ಡ್ ಮೇಲೆ ಏನು ಬರೆಸೋದು ಅಂತ ಒದ್ದಾಡ್ತಾರೆ.

ಹೊರಡುವಾಗ ಎಲ್ಲರೂ ಹೋಗೋ ದಾರಿ ಕೇಳ್ತಾರೆ. ನಾನೂ ಅದನ್ನೇ ಕೇಳಿದ್ದೆ. ವಾಪಸ್ ಬರೋ ದಾರಿ ಯಾವುದು ಅಂತ ಅವತ್ತೇ ಕೇಳಿದ್ದರೆ ನಡುವೆ ಎರಡು ವರ್ಷ ಉಳೀತಿತ್ತು.

ಯಾಕೆ ಬಂದೆ ಅಂತ ಹೇಳ್ತೇನೆ. ನಮ್ಮದು ಇಂಡಿ ಹತ್ತಿರದ ಹಳ್ಳಿ. ಒಂದು ದಿನ ರಾತ್ರಿ ಹನ್ನೆರಡೂವರೆಗೆ ಫೋನು, ಊರಲ್ಲಿ ಆಗ ಬೆಳಗಿನ ಐದು. "ಅಪ್ಪನ ಬಾಯಿ ಸೊಟ್ಟಾಗೇತಿ, ಬಲಗೈ ಎತ್ತವಲ್ಲ" ಅಂತ ತಮ್ಮ ಅಂದ. ಮಲಗುವಾಗ ಚೆನ್ನಾಗಿದ್ದರಾ ಅಂತ ಕೇಳಿದೆ. ನಾಲ್ಕೂವರೆಗೆ ಎದ್ದು ದನಕ್ಕೆ ಮೇವು ಹಾಕಿದಾರೆ, ಆಗ ಸರಿ ಇದ್ದರು ಅಂದ. ಲಕ್ವ ಹೊಡೆದ ನಾಲ್ಕೂವರೆ ತಾಸಿನೊಳಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದು ನಾನು ದಿನಾ ಬೇರೆಯವರ ಅಪ್ಪಂದಿರಿಗೆ ಮಾಡೋ ಕೆಲಸ. ಎಣ್ಣೆ ತಿಕ್ಕಿಸೋಕೆ ಕರೆದುಕೊಂಡು ಹೋಗೋಣ ಅಂತ ಪಕ್ಕದ ಮನೆಯವರು ಹೇಳ್ತಿದ್ದದ್ದು ಫೋನಿನಲ್ಲಿ ಕೇಳಿಸ್ತಿತ್ತು. ಬೇಡ, ನೇರ ವಿಜಯಪುರ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ ಅಂತ ಕೂಗಿದೆ. ದಾರಿಯುದ್ದಕ್ಕೂ ಫೋನ್ ಇಡಲಿಲ್ಲ. ಏಳೂವರೆಗೆ ಇಂಜೆಕ್ಷನ್ ಆಯ್ತು. ಅಪ್ಪ ಈಗ ಅದೇ ಬಲಗೈಯಲ್ಲಿ ಊಟ ಮಾಡ್ತಾರೆ.

ಆವತ್ತೇ ನಿರ್ಧಾರ ಮಾಡಿದೆ, ಆದ್ರೆ ತಕ್ಷಣ ಬರಲಿಲ್ಲ. ಸಿಸಿಟಿಗೆ ಇನ್ನೂ ಮೂರು ವರ್ಷ ಇತ್ತು. ಮುಗಿಸಿಯೇ ಬಂದೆ. ಮುಗಿಸದೆ ಬಂದಿದ್ದರೆ ಇಲ್ಲಿ ನನ್ನ ಕೈ ಕಟ್ಟಿ ಹಾಕಿದ ಹಾಗೆ ಆಗ್ತಿತ್ತು.

ಇಲ್ಲಿ ಬಂದ ಮೇಲೂ ಸುಲಭ ಇರಲಿಲ್ಲ. ರೋಗಿಗೆ ಕಾಲು ಗಂಟೆ ಕೂತು ವಿವರಿಸಿದರೆ ಹೊರಗೆ ನಲವತ್ತು ಜನ ಕಾಯ್ತಿರ್ತಾರೆ. ರೋಗಿ ಕಳಿಸಿದ್ದಕ್ಕೆ ಕಮಿಷನ್ ಕೇಳೋರು ಬಂದರು, ಕೊಡೋದಿಲ್ಲ ಅಂದೆ, ಆರು ತಿಂಗಳು ಒಪಿಡಿ ಖಾಲಿ ಹೊಡೀತು. ಈಗ ಸರಿ ಇದೆ.

ಬೀಳಗಿ_ಕಡೆಯವ

ಎಲ್ಲರೂ ಹೋಗೋದರ ಬಗ್ಗೆಯೇ ಮಾತಾಡ್ತಿದ್ದೀರಿ. ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿ ನಮ್ಮ ಬೀಳಗಿಯವರು. ಊರೂರು ಸುತ್ತಿ ಶಿಬಿರ ಹಾಕಿ ಸಾವಿರಾರು ಜನರಿಗೆ ಪೊರೆ ತೆಗೆದರು. ನಮ್ಮ ಜಿಲ್ಲೆಗಳಲ್ಲಿ ಇವತ್ತಿಗೂ ತಾಲೂಕು ಆಸ್ಪತ್ರೆಗೆ ಫಿಜಿಷಿಯನ್ ಸಿಗೋದು ಕಷ್ಟ. ಡಿಎನ್‌ಬಿ ಅಂತ ಎಂಡಿಗೆ ಸಮನಾದ ಒಂದು ದಾರಿ ಇದೆ, ಅದೂ ನೀಟ್ ಪಿಜಿ ಮೇಲೆಯೇ ಸಿಗುತ್ತೆ, ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲೂ ಇದೆ, ಮ್ಯಾನೇಜ್‌ಮೆಂಟ್ ಸೀಟಿನಷ್ಟು ದುಡ್ಡು ಬೇಡ. ಹುಡುಗ ಅದನ್ನ ಯಾಕೆ ಯೋಚಿಸಬಾರದು?

ಕ್ಯಾಂಪ್_ಹುಡುಗಿ

ಒಳ್ಳೆ ಮಾತು ಹೇಳಿದಿರಿ. ನಾನು ಡಿಎನ್‌ಬಿ ಕೌನ್ಸೆಲಿಂಗ್ ಬಿಟ್ಟು ಪ್ಲ್ಯಾಬ್ ಹಿಡಿದವಳು. ಒಂದನ್ನ ಹಿಡಿಯೋಕೆ ಇನ್ನೊಂದನ್ನ ಬಿಡಲೇಬೇಕು ಅಂತ ಇರಲಿಲ್ಲ. ಅದು ನನಗೆ ಆಮೇಲೆ ತಿಳೀತು. ಇಲ್ಲಿ ಎಂಡಿ ಅಥವಾ ಡಿಎನ್‌ಬಿ ಮುಗಿಸಿದವರು ಎಂಟಿಐ ಅನ್ನೋ ಯೋಜನೆಯಲ್ಲಿ ಯುಕೆಗೆ ಹೋಗಿ ಎರಡು ವರ್ಷದವರೆಗೆ ಕಲಿತು ಬರಬಹುದು. ವಾಪಸ್ ಬರೋ ಆಸೆ ಇರೋರಿಗೆ ಅದೇ ಸರಿ ಅನ್ಸುತ್ತೆ.

ಗೋಕಾಕದ_ಮೇಷ್ಟ್ರು

ನಾನು ಡಾಕ್ಟರ್ ಅಲ್ಲ, ನಿವೃತ್ತ ಶಿಕ್ಷಕ. ಮಗಳು ಇಂಗ್ಲೆಂಡಿನಲ್ಲಿ ಮಕ್ಕಳ ಡಾಕ್ಟರ್. ಸುಮ್ನೆ ಓದ್ತಾ ಇದ್ದೆ, ಮುಧೋಳದ ಹುಡುಗನ ಅಪ್ಪನ ಮಾತು ಓದಿ ತಡೆಯಲಾಗಲಿಲ್ಲ.

ಮಗೂ, ನಾನೂ ಅವಳಿಗಾಗಿ ಸೈಟ್ ಮಾರೋಕೆ ಹೊರಟಿದ್ದೆ. ಅವಳು ಬೇಡ ಅಂದಳು. ಒಂದೂವರೆ ವರ್ಷ ಇಲ್ಲೇ ಒಂದು ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಓದಿ, ಪರೀಕ್ಷೆ ಶುಲ್ಕ ತಾನೇ ಕಟ್ಟಿದಳು. ಒಂದೊಂದು ಪರೀಕ್ಷೆ ಪಾಸಾದ ಮೇಲೆ ಮುಂದಿನದಕ್ಕೆ ದುಡ್ಡು ಹಾಕಿದಳು. ಅಪ್ಪ ಹೊಲ ಮಾರ್ತೀನಿ ಅಂದದ್ದು ಪ್ರೀತಿಗೆ. ಅದನ್ನ ಲೆಕ್ಕ ಅಂತ ತಿಳೀಬೇಡ. ಎಲ್ಲಿ ಎಷ್ಟು ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡು. ರೈತನಿಗೆ ಲೆಕ್ಕ ಚೆನ್ನಾಗಿ ಗೊತ್ತಾಗುತ್ತೆ. ಬೇಕಾದರೆ ನನ್ನ ಜೊತೆ ಫೋನಿನಲ್ಲಿ ಮಾತಾಡಿಸು, ಅಪ್ಪಂದಿರು ಅಪ್ಪಂದಿರ ಮಾತು ಕೇಳ್ತಾರೆ.

ಘಟಪ್ರಭಾ_ದಂಡೆ

ಎಲ್ಲರಿಗೂ ನಮಸ್ಕಾರ. ಮೂರು ವಾರ ಬಿಟ್ಟು ಬರೀತಿದ್ದೇನೆ, ಕ್ಷಮಿಸಿ, ಕ್ಯಾಶುವಾಲಿಟಿ ಪೋಸ್ಟಿಂಗ್ ಇತ್ತು.

ಮೇಷ್ಟ್ರೇ, ನೀವು ಅಪ್ಪನ ಜೊತೆ ಮಾತಾಡಿದ್ದಕ್ಕೆ ಹೇಗೆ ಋಣ ತೀರಿಸಲಿ ಗೊತ್ತಿಲ್ಲ. ಆ ಹಾಳೆ ಬರೆದೆ. ಎಡಕ್ಕೆ ದೇಶ, ನಡುವೆ ಖರ್ಚು, ಬಲಕ್ಕೆ "ವಾಪಸ್ ಬಂದರೆ ಏನು" ಅಂತ ಒಂದು ಕಾಲಂ. ಅಪ್ಪ ಕನ್ನಡಕ ಹಾಕಿಕೊಂಡು ಮೂರನೇ ಕಾಲಂ ಮೊದಲು ಓದಿದರು. ಜರ್ಮನಿಯ ಸಾಲಿನ ಮೇಲೆ ಬೆರಳಿಟ್ಟು, "ಇದು ನಮಗ ಬ್ಯಾಡ" ಅಂದರು. ಹೊಲದ ಮಾತು ಮತ್ತೆ ಎತ್ತಿಲ್ಲ.

ಈಗ ನಾನು ಮಾಡ್ತಿರೋದು ಇಷ್ಟು. ನೀಟ್ ಪಿಜಿ ಒಂದು ಸಲ ಪೂರ್ತಿ ಮನಸ್ಸಿಟ್ಟು ಬರೀತೇನೆ, ಡಿಎನ್‌ಬಿ ಮೆಡಿಸಿನ್ ಸೇರಿಸಿ ಎಲ್ಲ ಆಯ್ಕೆ ತುಂಬ್ತೇನೆ. ಅದು ಆಗದಿದ್ದರೆ ಇಲ್ಲೇ ಡ್ಯೂಟಿ ಡಾಕ್ಟರ್ ಕೆಲಸ ಮಾಡ್ತಾ ಎಂಆರ್‌ಸಿಪಿ ಪಾರ್ಟ್ 1ಕ್ಕೆ ಓದ್ತೇನೆ, ಅದು ಪಾಸಾದ ಮೇಲೆ ಮಾತ್ರ ಪ್ಲ್ಯಾಬ್‌ಗೆ ದುಡ್ಡು ಹಾಕೋದು. ಕ್ಯಾಂಪ್ ಅಕ್ಕಾ, ನಿಮ್ಮ ಪಾರ್ಟ್ 2 ಯಾವಾಗ? ನಿಮ್ಮ ಹಳೇ ನೋಟ್ಸ್ ಇದ್ದರೆ ಬೆಳಗಾವಿಗೆ ಬಂದು ತಗೊಂಡು ಹೋಗ್ತೇನೆ.

ಹೆಸರಿನ ಅರ್ಜಿ ಕಾಲೇಜು ಆಫೀಸಿನಲ್ಲಿ ಕೊಟ್ಟೆ. ಸೋಮವಾರ ಬಾ ಅಂದಿದ್ದಾರೆ.

ಕ್ಯಾಂಪ್_ಹುಡುಗಿ

ನೋಟ್ಸ್ ಇವೆ, ಎರಡು ಚೀಲ. ಭಾನುವಾರ ಬಾ, ಅವತ್ತು ನನಗೆ ಪಾಳಿ ಇಲ್ಲ. ಮತ್ತೆ ಸೋಮವಾರ ಆಫೀಸಿಗೆ ಹೋಗುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂಲ ಪ್ರತಿ ತಗೊಂಡು ಹೋಗು, ಜೆರಾಕ್ಸ್ ತೋರಿಸಿದರೆ ಮತ್ತೊಂದು ಸೋಮವಾರ ಹೇಳ್ತಾರೆ.